ಖಾ.ಬೇ.

“ಒಂದು ಸ್ಟಾರ್!” ಚೂಟಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನಾಟಕದವರ ಧಾಟಿಯಲ್ಲಿ ಓದಿದಳು. “‘ನೂಡಲ್ಸ್ ತಿಂದು ನನ್ನ ಮಗನ ಬಾಯಿಗೆ ಬೆಂಕಿ ಬಿತ್ತು. ನಾಲ್ಕು ಲೋಟ ನೀರು ಕುಡಿದರೂ ಆರಲಿಲ್ಲ.’ ಅಮ್ಮಾ, ಫೈರ್ ಎಂಜಿನ್ ಕರೆಸ್ಬೇಕಿತ್ತು ಅಲ್ವಾ?”

ಅಮ್ಮ ನಗಲಿಲ್ಲ. ಬೆಳ್ಳುಳ್ಳಿ ಜಜ್ಜುತ್ತಿದ್ದವಳು ಇನ್ನಷ್ಟು ಜೋರಾಗಿ ಜಜ್ಜಿದಳು.

“ಇನ್ನೊಂದು ಕೇಳು. ಇದು ನಿನ್ನೆದು. ‘ಗ್ರೀನ್ ಕರಿಗೆ ಜಾಸ್ತಿ ಖಾರ ಇರಲಿ ಅಂತ ಬಾಯಿಬಿಟ್ಟು ಹೇಳಿದ್ದೆ. ಬಂದಿದ್ದು ಜ್ವರ ಬಂದವರ ಊಟ.’ ಇದಕ್ಕೂ ಒಂದೇ ಸ್ಟಾರ್!”

“ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತಂತೆ,” ಮಾವ ಲೋಟ ಒರೆಸುತ್ತಾ ಅಂದ. “ಒಬ್ಬರಿಗೆ ಖಾರ ಜಾಸ್ತಿ, ಇನ್ನೊಬ್ಬರಿಗೆ ಕಮ್ಮಿ. ನಾವೇನು ಮಾಡೋಕಾಗುತ್ತೆ? ಒಳ್ಳೇದು ಯಾವುದೂ ಇಲ್ವೇನೇ?”

“ಇದೆ. ಐದು ಸ್ಟಾರ್. ‘ಊಟ ಸೂಪರ್. ಬಡಿಸುವವರು ಮಾತ್ರ ಮಾತು ನಿಲ್ಲಿಸುವುದೇ ಇಲ್ಲ.’”

“ನೋಡಿದ್ಯಾ ಅಕ್ಕ! ನನ್ನ ಬಗ್ಗೆ ಬರೆದಿದಾರೆ!” ಮಾವನ ಮುಖ ಊರಗಲ ಆಯಿತು.

ಅವರಿದ್ದದ್ದು ಹನ್ನೆರಡು ಟೇಬಲ್‌ಗಳ ಥಾಯ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ. ರಜಾ ದಿನಗಳಲ್ಲಿ ಜನ ಬಾಗಿಲಾಚೆ ಸಾಲು ನಿಲ್ಲುತ್ತಿದ್ದರು. ಯಜಮಾನಿ ಥಾಯ್ಲೆಂಡಿನಲ್ಲಿ ಹತ್ತು ವರ್ಷ ಇದ್ದು ಅಡುಗೆ ಕಲಿತು ಬಂದವರು. ಆರ್ಡರನ್ನು ಚೀಟಿಯಲ್ಲಿ ಬರೆದುಕೊಂಡು ಬಡಿಸುವುದು ಮಾವನ ಕೆಲಸ. ಚೂಟಿಯ ಅಮ್ಮ ಅಲ್ಲಿ ಮೊದಲು ತರಕಾರಿ ಹೆಚ್ಚುತ್ತಿದ್ದಳು. ಎರಡು ವರ್ಷ ಹೆಚ್ಚಿ ಹೆಚ್ಚಿ, ನೋಡಿ ನೋಡಿ ಕಲಿತ ಮೇಲೆ ಯಜಮಾನಿ ಅವಳನ್ನು ದೊಡ್ಡ ಒಲೆಯ ಮುಂದೆ ನಿಲ್ಲಿಸಿದ್ದರು. ಆ ದಿನ ಅಮ್ಮ ಮನೆಗೆ ಬಂದು ಕುಣಿಯುವುದೊಂದು ಬಾಕಿ ಇತ್ತು.

ಈಗ ಅದೇ ಒಲೆ ಕೈತಪ್ಪುವ ಹಾಗಿತ್ತು. “ಒಂದೇ ವಾರದಲ್ಲಿ ಒಂಬತ್ತು ಕಂಪ್ಲೇಂಟು. ಹೀಗೇ ಆದ್ರೆ ಸೋಮವಾರದಿಂದ ಬೇರೆಯವರನ್ನ ಒಲೆಗೆ ಹಾಕ್ತೀನಿ. ನೀನು ತರಕಾರಿಗೆ ವಾಪಸ್ಸು,” ಎಂದು ಯಜಮಾನಿ ಬೆಳಿಗ್ಗೆ ಹೇಳಿದ್ದರು. ಇವತ್ತು ಶನಿವಾರ.

“ನೀನು ಚೀಟಿಯಲ್ಲಿ ಬರೆದ ಹಾಗೇ ನಾನು ಮಾಡಿದೀನಿ ಕಣೋ,” ಎಂದಳು ಅಮ್ಮ.

“ಅವರು ಹೇಳಿದ ಹಾಗೇ ನಾನು ಬರೆದಿದೀನಿ ಅಕ್ಕ.”

“ಹಾಗಾದ್ರೆ ಯಾರ ತಪ್ಪು? ಒಲೆದಾ?”

ಅಮ್ಮನ ಕಣ್ಣು ಕೆಂಪಾಗಿತ್ತು. ಅದು ಬೆಳ್ಳುಳ್ಳಿಯಿಂದ ಅಲ್ಲವೆಂದು ಚೂಟಿಗೆ ತಿಳಿಯಿತು. ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟಳು.

ಅಡುಗೆಮನೆಯಿಂದ ತಟ್ಟೆ ದಾಟಿಸುವ ಕಿಟಕಿಯ ಪಕ್ಕದಲ್ಲಿ ಒಂದು ತಂತಿ. ಮಾವ ಬರೆದುಕೊಟ್ಟ ಆರ್ಡರ್ ಚೀಟಿಗಳನ್ನೆಲ್ಲ ಅಮ್ಮ ಅದಕ್ಕೆ ಚುಚ್ಚುತ್ತಿದ್ದಳು. ಚೂಟಿ ಸುಮ್ಮನಿರಲಾರದೆ ನಾಲ್ಕಾರು ಚೀಟಿ ಕಿತ್ತು ನೋಡಿದಳು. ‘ನೂ. ಖಾ.ಬೇ.’ ಅಂತ ಒಂದು. ‘ಗ್ರೀ.ಕ. ಖಾ.ಬೇ.’ ಅಂತ ಇನ್ನೊಂದು.

“ಮಾವ, ಈ ನೂಡಲ್ಸ್ ಯಾರಿಗೆ?”

“ಅದಾ? ಒಂದು ಪುಟ್ಟ ಪಾಪು ಬಂದಿತ್ತು. ಅದಕ್ಕೆ ಖಾರ ಬೇಡ ಅಂದ್ರು.”

“ಈ ಗ್ರೀನ್ ಕರಿ?”

“ಅವರು ದೊಡ್ಡ ಮೀಸೆಯವರು. ಖಾರ ಬೇಕು, ಕಣ್ಣಲ್ಲಿ ನೀರು ಬರೋ ಹಾಗಿರಲಿ ಅಂದ್ರು.”

ಚೂಟಿ ಮತ್ತೊಮ್ಮೆ ಚೀಟಿ ನೋಡಿದಳು. ಖಾರ ಬೇಡ, ಖಾ.ಬೇ. ಖಾರ ಬೇಕು, ಅದೂ ಖಾ.ಬೇ.!

ಈ ಖಾ.ಬೇ. ಮಾವನದಲ್ಲ. ಅವಳದೇ.

ಹೋದ ವಾರದವರೆಗೂ ಮಾವ ಚೀಟಿಯಲ್ಲಿ ಎಲ್ಲವನ್ನೂ ಪೂರ್ತಿಯಾಗಿ ಬರೆಯುತ್ತಿದ್ದ. ‘ಅಜ್ಜಿಗೆ ಹಲ್ಲಿಲ್ಲ, ನೂಡಲ್ಸ್ ಮೆತ್ತಗಿರಲಿ, ಪಾಪ’ ಎಂದು ಒಮ್ಮೆ ಬರೆದಿದ್ದ. “ಇದೇನು ಆರ್ಡರ್ರೋ, ನೆಂಟರಿಗೆ ಬರೆದ ಕಾಗದವೋ?” ಎಂದು ಅಮ್ಮ ಬೈದಿದ್ದಳು. ಆಗ ಚೂಟಿ ಮಧ್ಯೆ ಬಂದು, “ಶಾರ್ಟಾಗಿ ಬರಿ ಮಾವ. ಮೊದಲನೇ ಅಕ್ಷರ ಹಾಕಿದ್ರೆ ಸಾಕು. ಸ್ಕೂಲಲ್ಲಿ ನಾನು ನೋಟ್ಸ್ ಬರೆಯೋದು ಹಾಗೇ,” ಎಂದು ಹೇಳಿಕೊಟ್ಟಿದ್ದಳು. ಮಾವನ ಕೈ ಓಡತೊಡಗಿತು. ಪಾಠ ಹೇಳಿದ ಟೀಚರಿಗೆ ತೆಂಗಿನಹಾಲಿನ ಐಸ್‌ಕ್ರೀಮ್ ಕೂಡ ಸಿಕ್ಕಿತು.

ಈಗ ಆ ಟೀಚರ್ ಚೀಟಿಗಳನ್ನು ಮುಷ್ಟಿಯಲ್ಲಿ ಮುದುರಿ ಹಿಡಿದುಕೊಂಡಳು.

ಹೇಳಿಬಿಡಲೇ? ಹೇಳಿದರೆ ಬೈಗುಳ ಗ್ಯಾರಂಟಿ. ಹೇಳದೆಯೇ ಸರಿ ಮಾಡಿದರೆ ಹೇಗೆ? ಚೂಟಿ ಮಾವನ ಅಂಗಿ ಜಗ್ಗಿದಳು. “ಮಾವ, ಇವತ್ತಿಂದ ಪೂರ್ತಿಯಾಗೇ ಬರಿ.”

“ಯಾಕೆ? ನೀನೇ ತಾನೆ ಶಾರ್ಟಾಗಿ ಬರಿ ಅಂದಿದ್ದು?”

“ಸುಮ್ನೆ. ನಿನ್ನ ಅಕ್ಷರ ತುಂಬಾ ಚೆನ್ನಾಗಿದೆ. ಅದಕ್ಕೆ.”

ಮಾವನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಅವನಿಗೇ ಅನುಮಾನ ಬಂತು. ಅಷ್ಟರಲ್ಲಿ ಯಜಮಾನಿ ಒಳಗೆ ಬಂದರು. ಅವರ ಕೈಯಲ್ಲೂ ಮೊಬೈಲ್.

“ಇನ್ನೂ ಎರಡು ಬಂದಿದೆ. ಒಂದು ಖಾರ, ಒಂದು ಸಪ್ಪೆ,” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಾಗಿತ್ತು. “ನಾನೇ ಕಲಿಸಿದ ಕೈ ಇದು. ಯಾಕೆ ಹೀಗಾಯ್ತೋ ಗೊತ್ತಾಗ್ತಿಲ್ಲ. ಯಾರದ್ದಾದರೂ ತಪ್ಪು ಇರಲೇಬೇಕಲ್ಲ?”

ಅವರು ನೋಡುತ್ತಿದ್ದದ್ದು ಅಮ್ಮನನ್ನು. ಆದರೂ ಚೂಟಿ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ.

ಅಮ್ಮ ಏಪ್ರನ್ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಚತೊಡಗಿದಳು. ಅಷ್ಟು ನಿಧಾನವಾಗಿ ಅಮ್ಮ ಯಾವತ್ತೂ ಏನನ್ನೂ ಮಡಚಿದವಳಲ್ಲ. ಚೂಟಿಗೆ ಅದನ್ನು ನೋಡಲಾಗಲಿಲ್ಲ.

“ಅಮ್ಮಂದಲ್ಲ ಆಂಟಿ! ನಂದು!”

ಚೀಟಿಗಳನ್ನು ಯಜಮಾನಿಯ ಕೈಗೆ ತುರುಕಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ನೋಟ್ಸು, ಮೊದಲನೇ ಅಕ್ಷರ, ಐಸ್‌ಕ್ರೀಮ್ ಯಾವುದನ್ನೂ ಬಿಡಲಿಲ್ಲ.

“ಅವಳು ಚಿಕ್ಕವಳು ಮೇಡಂ. ಬರೆದ ಕೈ ನಂದು,” ಎಂದು ಮಾವ ಅಡ್ಡ ಬಂದ.

ಯಜಮಾನಿ ಎರಡು ಚೀಟಿಗಳನ್ನು ಅಕ್ಕಪಕ್ಕ ಹಿಡಿದು ಅಮ್ಮನಿಗೆ ತೋರಿಸಿದರು. “ಇದನ್ನ ನೀನು ಹೇಗೆ ಓದಿದೆ?”

“ಮೊದಲು ‘ಬೇಕು’ ಅಂದ್ಕೊಂಡೆ ಮೇಡಂ. ಎಲ್ಲರಿಗೂ ಮೆಣಸಿನಕಾಯಿ ಸುರಿದೆ. ಖಾರ ಅಂತ ನೀವು ಬೈದ್ರಲ್ಲ, ಆಮೇಲೆ ‘ಬೇಡ’ ಇರಬೇಕು ಅಂದ್ಕೊಂಡೆ. ಯಾರಿಗೂ ಹಾಕಲಿಲ್ಲ.” ಅಮ್ಮನ ದನಿ ಇಳಿಯಿತು. “ಒಂದು ಮಾತು ಕೇಳ್ಬೇಕಿತ್ತು. ಒಲೆ ಸಿಕ್ಕಿದ ಮೇಲೂ ಇಷ್ಟು ಗೊತ್ತಾಗಲ್ವಾ ಅಂತೀರೇನೋ ಅಂತ ಕೇಳಲಿಲ್ಲ.”

ಯಜಮಾನಿ ಚೀಟಿ ನೋಡಿದರು. ಮಾವನನ್ನು ನೋಡಿದರು. ತುಟಿ ಬಿಗಿಹಿಡಿದರೂ ನಗು ನಿಲ್ಲಲಿಲ್ಲ. ಕೊನೆಗೆ ಅಕ್ಕಿ ಡಬ್ಬದ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತಾ ನಕ್ಕರು.

“ಏಪ್ರನ್ ಕಟ್ಕೋ. ಒಲೆ ನಿಂದೇ,” ಎಂದರು ಅಮ್ಮನಿಗೆ. ಆಮೇಲೆ ಚೂಟಿಯ ಕಡೆ ತಿರುಗಿದರು. “ನಮಗೇನೋ ನಗು ಬಂತು. ತಿಂದವರು ನಕ್ಕಿಲ್ಲ ಮರಿ. ಬಿಲ್ಲಲ್ಲಿ ನಂಬರ್ ಇದೆ, ಆ ಮಗುವಿನ ಮನೆಯವರಿಗೆ ಫೋನ್ ಮಾಡಿ ನಾಳೆ ಊಟಕ್ಕೆ ಕರೀತೀನಿ. ನೀನೂ ಇರ್ಬೇಕು.”

ಭಾನುವಾರ ಮಧ್ಯಾಹ್ನ ಅವರು ಬಂದರು. ಗಂಡ, ಹೆಂಡತಿ, ಅವರ ನಾಲ್ಕು ವರ್ಷದ ಹುಡುಗ. ಮಾವ ಚೀಟಿಯಲ್ಲಿ ‘ಖಾರ ಬೇಡವೇ ಬೇಡ’ ಎಂದು ಬರೆದು, ಅದನ್ನೇ ಕಿಟಕಿಯಲ್ಲಿ ಮೂರು ಸಲ ಕೂಗಿಯೂ ಹೇಳಿದ.

ನೂಡಲ್ಸ್ ತಟ್ಟೆಯನ್ನು ಚೂಟಿಯೇ ತಂದಿಟ್ಟಳು. “ಸಾರಿ ಆಂಟಿ, ಸಾರಿ ಅಂಕಲ್” ಎಂದು ಹೇಳಿದ್ದೂ ಆಯಿತು. ದೊಡ್ಡವರು ಪರವಾಗಿಲ್ಲ ಎಂದು ನಕ್ಕರು. ಹುಡುಗ ಮಾತ್ರ ತಟ್ಟೆ ನೋಡಿದ್ದೇ ತಡ, ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

“ಖಾರ ಇಲ್ಲ ಪುಟ್ಟಾ. ಪ್ರಾಮಿಸ್.”

ಹುಡುಗ ತಲೆ ಅಲ್ಲಾಡಿಸಿದ. ಅವನ ಕಣ್ಣಲ್ಲಿ ಆಗಲೇ ನೀರಿತ್ತು.

ಅದನ್ನು ಕಂಡು ಚೂಟಿಗೆ ಅಳು ಬಂದಂತಾಯಿತು. ಅವಳು ನೆಲದ ಮೇಲೆ ಮಂಡಿಯೂರಿ, ತಟ್ಟೆಯಿಂದ ಒಂದು ಎಳೆ ತೆಗೆದು ತಾನೇ ತಿಂದಳು. ಆಮೇಲೆ ನಾಲಿಗೆಯನ್ನು ಉದ್ದಕ್ಕೆ ಚಾಚಿ ತೋರಿಸಿದಳು. ಹುಡುಗ ಬಗ್ಗಿ, ಡಾಕ್ಟರ್ ನೋಡುವ ಹಾಗೆ ಆ ಕಡೆಯಿಂದ ಈ ಕಡೆಯವರೆಗೆ ಅದನ್ನು ಪರೀಕ್ಷೆ ಮಾಡಿದ. ಒಂದು ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಇಳಿಯಿತು.

ಅವನು ಬಾಯಿ ತೆರೆದ. ಒಂದು ಚಮಚವೂ ಪೂರ್ತಿ ಹಿಡಿಸದಷ್ಟು ಚಿಕ್ಕ ಬಾಯಿ. ಚೀಟಿಯ ಮೇಲಿನ ಎರಡಕ್ಷರ ಬಂದು ಸೇರಿದ್ದು ಇಲ್ಲಿಗೆ ಎಂದು ಚೂಟಿಗೆ ಆಗ ಹೊಳೆಯಿತು.

ಹುಡುಗ ಮೊದಲ ಎಳೆ ಅಗಿಯುವಾಗ ಅವಳು ಉಸಿರು ಬಿಗಿಹಿಡಿದಿದ್ದಳು. ಅವನು ಎರಡನೆಯದಕ್ಕೆ ಕೈ ಚಾಚುವವರೆಗೂ ಅಲ್ಲಿಂದ ಏಳಲಿಲ್ಲ.