ಹಿತ್ತಾಳೆ ಫಲಕದ ಕೊನೆಯ ಸಾಲು

ಖಮ್ಸೀನ್ ಧೂಳುಗಾಳಿ ಶುರುವಾದ ಏಪ್ರಿಲ್. ಬುಧವಾರ, ಮಧ್ಯಾಹ್ನ ಎರಡು ಗಂಟೆ.

ನನ್ನ ಪಕ್ಕೆಗೆ ಚಾಕು ಒತ್ತಿತ್ತು.

"ಫಲಕ ಎಲ್ಲಿ, ಮುದ್ಕಪ್ಪ?"

ಚಾಕು ಹಿಡಿದವನು ಗುಜರಿ ಬಜಾರಿನ ರುಶ್ದಿ. ನಾವು ನಿಂತದ್ದು ಅಲೆಕ್ಸಾಂಡ್ರಿಯಾದ ಪುಟ್ಟ ಮ್ಯೂಸಿಯಮ್ಮಿನಲ್ಲಿ. ಎರಡು ಕೋಣೆ, ಹುಲ್ಲು ತುಂಬಿಟ್ಟ ಒಂದು ಮೊಸಳೆ, ನೂರಾರು ಹಕ್ಕಿ.

"ಯಾವ ಫಲಕ, ಮಗಾ?"

"ನನ್ನಂಗಡಿಯಿಂದ ಎತ್ಕೊಂಡು ಬಂದ್ಯಲ್ಲ, ಅದು."

ಎತ್ತಿಕೊಂಡು ಬಂದದ್ದು ನಿಜ. ಕೇಳಿ, ನಲವತ್ತೊಂದು ವರ್ಷದಿಂದ ಈ ಊರಿನ ಹಳೇ ಕಟ್ಟಡಗಳ ಹಿತ್ತಾಳೆ ಫಲಕಗಳನ್ನು ನಿಂಬೆ, ಬೂದಿ ಹಾಕಿ ಉಜ್ಜುವವನು ನಾನೇ. ಓದಲು ಬರುವುದಿಲ್ಲ. ಆದರೆ ಫಲಕ ಬಿಗಿದ ಪ್ರತಿ ತಿರುಪಿನ ತಲೆಯ ಗೀಟನ್ನೂ ನೆಟ್ಟಗೆ ನಿಲ್ಲಿಸುತ್ತೇನೆ. ಅಡ್ಡ ಬಿಟ್ಟರೆ ಕಡಲ ತೇವ ಅಲ್ಲೇ ಕೂತು ಕಿಲುಬು ಹಿಡಿಯುತ್ತದೆ.

ಅಂದು ಬೆಳಿಗ್ಗೆ ಮ್ಯೂಸಿಯಮ್ಮಿನ ಬಾಗಿಲ ಫಲಕದಲ್ಲಿ ನಾಲ್ಕೂ ಗೀಟು ಅಡ್ಡ ಮಲಗಿದ್ದವು.

ಬಿಚ್ಚಿ ಒಳಗೆ ಒಯ್ದೆ. ಮ್ಯೂಸಿಯಂ ನೋಡಿಕೊಳ್ಳುವ ಐರೀನಿ ಡಾಕ್ಟರಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ಇದು ನಕಲಿ ಕಣೋ ಗಾಬಿರ್, ಕೊನೇ ಸಾಲೇ ಇಲ್ಲ. 'ಹಕ್ಕಿಗಳಿರುವ ತನಕ ಈ ಮನೆ ಮಾರಕೂಡದು.' ನಾಳೆ ಕೋರ್ಟಿನವರು ಅದನ್ನೇ ನೋಡಕ್ಕೆ ಬರ್ತಾರೆ. ಕಾಗದ ಎಲ್ಲಾ ಸುಟ್ಟೋಗಿದೆ. ಸಾಕ್ಷಿ ಅಂತ ಇದ್ದಿದ್ದು ಅದೊಂದೇ."

ಮನೆ ಕೆಡವಿ ಹೋಟೆಲ್ ಕಟ್ಟಲು ಒಬ್ಬ ಕಾದು ಕೂತಿದ್ದ. ಕದ್ದ ಹಿತ್ತಾಳೆ ನಮ್ಮೂರಲ್ಲಿ ಸೇರುವುದು ಒಂದೇ ಬಜಾರಿಗೆ. ರುಶ್ದಿಯ ರಾಶಿಯಡಿ ಅಸಲಿ ಸಿಕ್ಕಿತು... ಓಡಿದೆ. ಈ ಮೊಣಕಾಲಿನಲ್ಲಿ! ಹೊರಟ ಟ್ರಾಮಿಗೆ ಜೋತುಬಿದ್ದೆ. ಅವನಿಗಿಂತ ಹತ್ತು ನಿಮಿಷ ಮುಂಚೆ ತಲುಪಿದೆ.

ಹತ್ತು ನಿಮಿಷ ಸಾಕಿತ್ತು.

ರುಶ್ದಿಯ ಕಣ್ಣು ಈಗ ಮೂಲೆಯಲ್ಲಿದ್ದ ದಪ್ಪ ಹೊಟ್ಟೆಯ ಪೆಲಿಕನ್ ಹಕ್ಕಿಯ ಮೇಲೆ ಬಿತ್ತು. "ಇದರ ಹೊಟ್ಟೇಲಿ ಇಟ್ಟಿದ್ದೀಯ ತಾನೆ?"

"ಅದನ್ನ ಮುಟ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಓಹೋ. ಹಂಗಾದ್ರೆ ಅಲ್ಲೇ ಐತೆ."

ಸೀಳಿದ. ಒಣಹುಲ್ಲು, ಬಿಳಿ ಪುಡಿ ಮುಖಕ್ಕೆ ಹಾರಿತು. ಕೆಮ್ಮಿದ. ಅದೇ ಕೈಯಲ್ಲಿ ತುಟಿ ಒರೆಸಿಕೊಂಡ.

"ಬಾಯೊಳಗೆ ಹೋಯ್ತಾ?" ಎಂದೆ.

"ಹೋದ್ರೆ ಏನೀಗ?"

"ಅದು ಪಾಷಾಣ, ಮಗಾ. ಹುಳ ತಿನ್ನದಿರ್ಲಿ ಅಂತ ಹಳಬರು ಬಳೀತಿದ್ರು. ನಾವು ಗ್ಲೌಸ್ ಇಲ್ದೆ ಇಲ್ಲಿ ಧೂಳೂ ಒರೆಸಲ್ಲ."

ಚಾಕು ಕೆಳಗೆ ಬಿತ್ತು.

"ಮುದ್ಕಪ್ಪ... ಆಸ್ಪತ್ರೆ ಎಷ್ಟು ದೂರ?"

"ಓಡಿದ್ರೆ ಹತ್ರ."

ಓಡಿದ.

ಗುರುವಾರ ಕೋರ್ಟಿನವರು ಬಂದರು. ಕನ್ನಡಕ ಏರಿಸಿ ಕೊನೆಯ ಸಾಲನ್ನು ಎರಡು ಸಲ ಓದಿ ಬರೆದುಕೊಂಡರು. ಮನೆ ಉಳಿಯಿತು. ನಕಲಿಯ ಮೇಲೆ ಈಗ ಡಾಕ್ಟರಮ್ಮನ ಚಹಾ ಕೆಟಲ್ ಕೂರುತ್ತದೆ.

ಶನಿವಾರ ರುಶ್ದಿ ಆಸ್ಪತ್ರೆಯಿಂದ ಹೊರಟ, ಇಬ್ಬರು ಪೊಲೀಸರ ನಡುವೆ. ನಾನು ಗೇಟಿನಲ್ಲಿದ್ದೆ.

"ಎಲ್ಲಿಟ್ಟಿದ್ದೆ ಮುದ್ಕಪ್ಪ?"

"ಬಾಗಿಲಲ್ಲೇ. ಅದರ ಜಾಗದಲ್ಲೇ ಬಿಗಿದಿದ್ದೆ. ಬರೋವಾಗೊಮ್ಮೆ, ಓಡೋವಾಗೊಮ್ಮೆ ನೀನು ಅದರ ಪಕ್ಕಾನೇ ದಾಟಿದೆ."

ನನ್ನ ಹಾಗಲ್ಲ, ಅವನು ಹೈಸ್ಕೂಲು ಓದಿದವನು.