ಮೂರನೇ ಪೈಪಿನ ನಟ್ಟು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮನೆಯವರು ಲಾರಿ ಡ್ರೈವರ್ ಮೇಡಂ. ನಿನ್ನೆ ಅಂಗೈಗೆ ಸೂಜಿ ಚುಚ್ಚಿದಷ್ಟು ಗಾಯ ಆಯ್ತು. ಈಗ ಡಾಕ್ಟರು ಎರಡು ಬೆರಳು ಉಳಿಯಲ್ಲ ಅಂತಿದಾರೆ."

"ಸೂಜಿ ಚುಚ್ಚಿದ್ದಕ್ಕೆ ಬೆರಳು ಹೋಗುತ್ತಾ?" ದಫೇದಾರರ ಬಾಯಿಂದ ಬಂದೇಬಿಟ್ಟಿತು. ಇನ್ಸ್‌ಪೆಕ್ಟರ್ ತಿರುಗಿ ನೋಡಿದ ನೋಟಕ್ಕೆ ಅವರು ತೆಪ್ಪಗೆ ಪೆನ್ನು ಹುಡುಕಿಕೊಂಡರು.

ಚುಚ್ಚಿದ್ದು ಸೂಜಿಯಲ್ಲ, ಡೀಸೆಲ್. ದೊಡ್ಡ ಲಾರಿಯ ಇಂಜಿನ್ ಪಕ್ಕದಲ್ಲಿ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಕೊಳವೆಯೊಂದಿರುತ್ತದೆ. ರೈಲು ಎನ್ನುತ್ತಾರೆ. ಪಂಪು ಅದರೊಳಗೆ ಡೀಸೆಲನ್ನು ಭಯಂಕರ ಒತ್ತಡದಲ್ಲಿ ತುಂಬುತ್ತದೆ. ಅಲ್ಲಿಂದ ಆರು ಸಣ್ಣ ಪೈಪುಗಳು ಆರು ಸಿಲಿಂಡರಿಗೆ ಹೋಗುತ್ತವೆ. ಸೋರಿಕೆ ಎಲ್ಲಾದರೂ ಇದ್ದು ಅಲ್ಲಿ ಕೈ ಇಟ್ಟರೆ, ಕಣ್ಣಿಗೆ ಕಾಣದ ಎಳೆಯೊಂದು ಚರ್ಮ ಸೀಳಿಕೊಂಡು ಮೊಣಕೈವರೆಗೂ ನುಗ್ಗುತ್ತದೆ. ಆ ಲಾರಿಗೆ ಸೋಮವಾರ ಬೆಳಿಗ್ಗೆಯಷ್ಟೇ ಹೊಸ ರೈಲು ಹಾಕಿದ್ದರು. ವರ್ಕ್‌ಶಾಪಿನ ಮುಖ್ಯ ಮೆಕ್ಯಾನಿಕ್ ವಿರುದ್ಧ ನಿರ್ಲಕ್ಷ್ಯದ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಹನ್ನೆರಡೂಕಾಲಿಗೆ ಪಂಚನಾಮೆ. ಹೆದ್ದಾರಿ ಪಕ್ಕದಲ್ಲಿ ಲಾರಿಯ ಕ್ಯಾಬಿನ್ ಮುಂದಕ್ಕೆ ಬಾಗಿ, ಇಂಜಿನ್ ಬಯಲಾಗಿ ನಿಂತಿತ್ತು. ಇಬ್ಬರು ಪಂಚರು, ಒಬ್ಬ ಡೀಸೆಲ್ ಪಂಪ್ ತಜ್ಞ. ತಜ್ಞ ಟಾರ್ಚ್ ಬಿಟ್ಟು ತೋರಿಸಿದ. ಬಿಗಿದ ಪ್ರತಿ ನಟ್ಟಿನ ಮೇಲೂ, ಅದರಿಂದಾಚೆ ರೈಲಿನ ಮೇಲೂ ಸೇರಿ ಒಂದೇ ಹಳದಿ ಗೆರೆ ಎಳೆದಿತ್ತು. ಐದು ಗೆರೆಗಳು ನೆಟ್ಟಗಿದ್ದವು. ಮೂರನೆಯದು ಮುರಿದಿತ್ತು. ನಟ್ಟಿನ ಗೆರೆ ಒಂದು ಕಡೆ, ರೈಲಿನ ಗೆರೆ ಇನ್ನೊಂದು ಕಡೆ.

"ಅಲುಗಾಟಕ್ಕೆ ಸಡಿಲ ಆಗಿರಬಹುದಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಸಾಧ್ಯವಿಲ್ಲ ಮೇಡಂ. ಮೂಲೆ ನೋಡಿ, ಹೊಸದಾಗಿ ಉಜ್ಜಿ ಹೊಳೀತಿದೆ. ಗೆರೆ ಎಳೆದಮೇಲೆ ಯಾರೋ ಸ್ಪ್ಯಾನರ್ ಹಾಕಿ ತಿರುಗಿಸಿದಾರೆ."

ಇನ್ಸ್‌ಪೆಕ್ಟರ್ ಟಾರ್ಚ್ ಇಸಿದುಕೊಂಡು ತಾವೇ ಬಗ್ಗಿ ನೋಡಿದರು. ಇದು ನಿರ್ಲಕ್ಷ್ಯವಲ್ಲ.

ಎರಡೂವರೆಗೆ ವರ್ಕ್‌ಶಾಪ್. ಗ್ರೀಸ್ ಕುಡಿದು ಕಪ್ಪಾದ ನೆಲ, ಗೋಡೆ ಮೇಲೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಮುಖ್ಯ ಮೆಕ್ಯಾನಿಕ್‌ಗೆ ಮೂವತ್ತೈದರ ಆಸುಪಾಸು. ಎಲ್ಲರೂ ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು. ದೊಡ್ಡ ಮೇಸ್ತ್ರಿ ಅವನ ಅಣ್ಣ.

"ರೈಲು ಬದಲಾಯಿಸಿದ್ದು ಯಾರು?"

"ನಾನೇ. ಆರೂ ಪೈಪು ಹೊಸದು. ಟಾರ್ಕ್ ಸ್ಪ್ಯಾನರಲ್ಲೇ ಅಳತೆಗೆ ಬಿಗಿದು ಗೆರೆ ಎಳೆದೆ."

"ಆಮೇಲೆ?"

"ಇಪ್ಪತ್ತು ನಿಮಿಷ ಅಂಗಳದಲ್ಲಿ ಇಂಜಿನ್ ಓಡಿಸಿ, ರಟ್ಟು ಹಿಡಿದು ಸೋರಿಕೆ ನೋಡ್ಬೇಕು." ಅವನು ತಲೆ ತಗ್ಗಿಸಿದ. "ನೋಡಲಿಲ್ಲ. ಲೋಡ್ ಕಾಯ್ತಿದೆ ಅಂತ ಲಾರಿ ಮಾಲೀಕರು ಅವಸರ ಮಾಡಿದ್ರು. ಎರಡೂಕಾಲಿಗೆ ಗಾಡಿ ಬಿಟ್ಟುಕೊಟ್ಟೆ. ನನ್ನದೇ ತಪ್ಪು."

"ಗೆರೆ ಎಳೆದಮೇಲೆ ಯಾರು ಮುಟ್ಟಿದ್ರು?"

ಅವನ ಕಣ್ಣು ಒಂದು ಗಳಿಗೆ ಶೆಡ್ಡಿನ ಮೂಲೆಗೆ ಹೋಗಿ ಬಂತು. "ಯಾರೂ ಇಲ್ಲ. ನಾನೇ ಸಡಿಲ ಬಿಟ್ಟಿರಬೇಕು."

ಮೂಲೆಯಲ್ಲಿ ದೊಡ್ಡ ಮೇಸ್ತ್ರಿ ಹಳೇ ಗೇರ್‌ಬಾಕ್ಸ್ ತೊಳೆಯುತ್ತಿದ್ದ. ಅರವತ್ತರ ಹತ್ತಿರದ, ಕೈ ಪಳಗಿದ ಆಳು.

"ನೀವು ರೈಲಿನ ಕೆಲಸ ಮಾಡಲ್ವಾ?"

"ಒಂದು ವರ್ಷ ಆಯ್ತು ಕೊಟ್ಟಿಲ್ಲ. ನಮ್ಮ ಮಾಲೀಕರು ಅಳತೆ ಸ್ಪ್ಯಾನರ್ ತಂದಿದಾರೆ. ಸರಿಯಾಗಿ ಬಿಗಿದ್ರೆ ಅದು ಟಕ್ ಅನ್ನುತ್ತಂತೆ. ನನ್ನ ಮಣಿಕಟ್ಟು ಟಕ್ ಅನ್ನಲ್ಲವಲ್ಲ ಮೇಡಂ." ನಗಲು ನೋಡಿದ, ನಗು ಬರಲಿಲ್ಲ.

"ನಿನ್ನೆ ಗಾಡಿ ಬಿಡೋ ಮುಂಚೆ, ಒಂದರಿಂದ ಎರಡು, ಎಲ್ಲಿದ್ರಿ?"

"ಊಟ."

ಸಂಜೆ ಆರಕ್ಕೆ ಚಿಕ್ಕ ಮೇಸ್ತ್ರಿ ತಾನಾಗಿಯೇ ಠಾಣೆಗೆ ಬಂದ. ಹಿಂದೆಯೇ ಹೆಂಡತಿ. ಹೇಳಿಕೆ ಬರೆದುಕೊಳ್ಳಿ, ಸಹಿ ಮಾಡುತ್ತೇನೆ ಎಂದ. ಹೆಂಡತಿ ತಡೆಯಲಾರದೆ ಅತ್ತಳು.

"ಇವರು ನಟ್ಟು ಸಡಿಲ ಬಿಡೋ ಜಾತಿಯವರಲ್ಲ ಮೇಡಂ. ಮನೇಲಿ ನಲ್ಲಿ ತೊಟ್ಟಿಕ್ಕಿದ್ರೂ ನಿದ್ದೆ ಮಾಡಲ್ಲ. ಅಪ್ಪ ಹೋದಾಗ ಇವರಿಗೆ ಆರು ವರ್ಷ. ಸಾಕಿ, ಕೆಲಸ ಕಲಿಸಿದ್ದು ನಮ್ಮ ಭಾವನೇ. ಬೇಕಾದ್ರೆ ಅವರನ್ನೇ ಕೇಳಿ."

ಭಾವನ ಮಾತು ಬಂದಾಗ ಗಂಡನ ಮುಖ ಸಪ್ಪಗಾಯಿತು. ಇನ್ಸ್‌ಪೆಕ್ಟರ್ ಕಾಗದ ಮಡಚಿ ಡ್ರಾಯರಿಗೆ ಹಾಕಿ, ಇಬ್ಬರನ್ನೂ ಮನೆಗೆ ಕಳಿಸಿದರು.

"ಆರೋಪಿನೇ ಒಪ್ಕೊಂಡು ಸಹಿ ಹಾಕ್ತೀನಿ ಅಂದ್ರೆ ಬೇಡ ಅನ್ನೋ ಸ್ಟೇಷನ್ ನಮ್ಮದೊಂದೇ ಇರಬೇಕು," ದಫೇದಾರರು ಗೊಣಗಿದರು.

"ಮಾಡದೇ ಇರೋದನ್ನ ತಲೆ ಮೇಲೆ ಹೊತ್ಕೊಳ್ತಿದಾನೆ ಕಣ್ರೀ. ಆ ಸಹಿ ತಗೊಂಡ್ರೆ ನಾಳೆ ಅವನು ಜೈಲಲ್ಲಿ. ಬೆಳಿಗ್ಗೆವರೆಗೂ ಟೈಮ್ ಕೊಡಿ. ಡ್ರೈವರ್ ಮಾತಾಡೋ ಸ್ಥಿತಿಗೆ ಬರಲಿ."

ಬುಧವಾರ ಎಂಟು ಹತ್ತಕ್ಕೆ ಆಸ್ಪತ್ರೆಯಲ್ಲಿ ಡ್ರೈವರನ ಹೇಳಿಕೆ. ಬಲಗೈಗೆ ಮೊಣಕೈತನಕ ಬ್ಯಾಂಡೇಜು.

"ಕೈ ಯಾಕೆ ಹಾಕಿದ್ರಿ?"

"ದೊಡ್ಡ ಮೇಸ್ತ್ರಿ ಹೇಳಿದ್ರು ಮೇಡಂ. ಪಾಪ, ಒಳ್ಳೇದಕ್ಕೇ ಹೇಳಿದ್ದು. ಓಡಿಸುವಾಗ ನಾನು ಫೋನ್ ಎತ್ತಲ್ಲ. ಬಿಡದೆ ಹೊಡ್ಕೊಳ್ತಿತ್ತು ಅಂತ ಗಾಡಿ ಪಕ್ಕಕ್ಕೆ ಹಾಕಿ ಎತ್ತಿದೆ. 'ಮೂರನೇ ಪೈಪು ನೋಡು, ಇಂಜಿನ್ ಓಡ್ತಿರ್ಲಿ, ಕೈ ಇಟ್ರೆ ಗೊತ್ತಾಗುತ್ತೆ' ಅಂದ್ರು."

"ಮೂರನೇದು ಅಂತಲೇ ಹೇಳಿದ್ರಾ?"

"ಹೂಂ. ಮೂರನೇದು."

ಡ್ರೈವರನ ಹೆಂಡತಿಯ ಚೀಲದಲ್ಲಿದ್ದ ಅವನ ಫೋನು ತೆಗೆಸಿ ನೋಡಿದರು. ಸೋಮವಾರ ಮಧ್ಯಾಹ್ನ ಎರಡು ಐವತ್ತರಿಂದ ಮೂರು ಇಪ್ಪತ್ತರೊಳಗೆ ಐದು ಕರೆ, ಎಲ್ಲವೂ ದೊಡ್ಡ ಮೇಸ್ತ್ರಿಯ ನಂಬರಿನಿಂದ. ಜಪ್ತಿ ಪಟ್ಟಿಗೆ ಫೋನು ಸೇರಿತು.

ಒಂಬತ್ತೂವರೆಗೆ ಜೀಪು ವರ್ಕ್‌ಶಾಪಿನೊಳಗೆ ಬಂದಾಗ ಚಿಕ್ಕ ಮೇಸ್ತ್ರಿ ಚಿಂದಿಯಲ್ಲಿ ಕೈ ಒರೆಸಿಕೊಂಡು ಮುಂದೆ ಬಂದು ನಿಂತ. ಇನ್ಸ್‌ಪೆಕ್ಟರ್ ಅವನನ್ನು ದಾಟಿ ಮೂಲೆಗೆ ಹೋದರು.

"ಮೂರನೇ ಪೈಪು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ದೊಡ್ಡ ಮೇಸ್ತ್ರಿ ಬ್ರಷ್ ಕೆಳಗಿಟ್ಟ.

"ಊಟದ ಹೊತ್ತಲ್ಲಿ ಒಂದು ಚೂರು ತಿರುಗಿಸಿದ್ದೆ. ಅಂಗಳದಲ್ಲಿ ಟೆಸ್ಟ್ ಮಾಡಿದ್ರೆ ಎಲ್ಲರ ಮುಂದೆ ಸೋರುತ್ತಿತ್ತು. ಟಕ್ ಅಂದ ಮಾತ್ರಕ್ಕೆ ಆಯ್ತಾ ಅಂತ ಮಾಲೀಕರು ನನ್ನನ್ನ ಕರೀತಿದ್ರು. ಬಿಗಿದು ತೋರಿಸ್ತಿದ್ದೆ. ಅಷ್ಟೇ ಇದ್ದಿದ್ದು ಮನಸಲ್ಲಿ. ಟೆಸ್ಟ್ ಇಲ್ಲದೆ ಗಾಡಿ ಗೇಟು ದಾಟ್ತು."

"ಆಗಲೇ ಕೂಗಿ ಹೇಳಬಹುದಿತ್ತು."

"ನಾಲಿಗೆ ಬರಲಿಲ್ಲ ಮೇಡಂ. ಹೇಗೆ ಗೊತ್ತು ಅಂತ ಕೇಳಿದ್ರೆ ಏನು ಹೇಳಲಿ?"

"ಫೋನಲ್ಲಾದ್ರೂ ಇಂಜಿನ್ ಆರಿಸು ಅನ್ನಬಹುದಿತ್ತಲ್ಲ!" ಇನ್ಸ್‌ಪೆಕ್ಟರ್‌ಗೆ ಸಿಟ್ಟು ತಡೆಯಲಾಗಲಿಲ್ಲ.

"ಹಳೇ ಇಂಜಿನ್ನಿಗೆ ಜೀವಮಾನವೆಲ್ಲ ಹಾಗೇ ಕೈ ಇಟ್ಟು ನೋಡಿದೀನಿ. ನಾಡಿ ಹಿಡಿದ ಹಾಗೆ. ಈ ರೈಲಿನ ಹತ್ರ ಕೈ ತಂದ್ರೆ ಕೈ ಹೋಗುತ್ತೆ ಅಂತ ತಮ್ಮ ಹತ್ತು ಸಲ ಹೇಳಿದ್ದ. ನಂಗೆ ಕಲಿಸೋಕೆ ಬರ್ತೀಯಾ ಅಂತ ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ."

ಹತ್ತು ಐದಕ್ಕೆ ದಸ್ತಗಿರಿ. ದಫೇದಾರರು ಬೇಡಿ ತೆಗೆದವರು ಇನ್ಸ್‌ಪೆಕ್ಟರ್ ಮುಖ ನೋಡಿ ಮತ್ತೆ ಜೇಬಿಗಿಟ್ಟುಕೊಂಡರು. ಜೀಪು ಹತ್ತುವ ಮುಂಚೆ ಅಣ್ಣ ನಿಂತು ತಮ್ಮನಿಗೆ ಹೇಳಿದ.

"ನಿನಗೆ ಕೇಡು ಬಯಸಲಿಲ್ಲ ಕಣೋ. ಆ ಸ್ಪ್ಯಾನರ್ ಮೇಲಷ್ಟೇ ನಂಗೆ ಹೊಟ್ಟೆಕಿಚ್ಚು."

"ಊಟದ ಹೊತ್ತಲ್ಲಿ ನೀನು ಇಂಜಿನ್ ಮೇಲೆ ಬಗ್ಗಿದ್ದು ನಾನು ನೋಡಿದ್ದೆ ಅಣ್ಣ." ತಮ್ಮ ಕೈಲಿದ್ದ ಚಿಂದಿ ಮಡಚಿದ. "ನನ್ನ ಕೆಲಸ ಸರಿಯಾಗಿದೆಯಾ ಅಂತ ಮುಟ್ಟಿ ನೋಡ್ತಿದೀಯ ಅನ್ಕೊಂಡೆ. ಖುಷಿಯಾಯ್ತು ನಂಗೆ. ಅಣ್ಣ ನೋಡಿದಾನಲ್ಲ, ಇನ್ನೇನು ಟೆಸ್ಟು ಅಂತಲೇ ಗಾಡಿ ಬಿಟ್ಟೆ."

ದಫೇದಾರರು ದೊಡ್ಡ ಮೇಸ್ತ್ರಿಯ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದರು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆದರು. ಕೃತ್ಯದ ಕಾರಣ ಎಂಬಲ್ಲಿ ಮೊದಲು ದ್ವೇಷ ಎಂದು ಬರೆದು ಹೊಡೆದುಹಾಕಿ, ಕೆಲಸಕ್ಕೆ ಮತ್ತೊಮ್ಮೆ ತನ್ನನ್ನು ಕರೆಯಲೆಂಬ ಆಸೆ ಎಂದು ಬರೆದರು.