ಅವನು ಎತ್ತದ ಫೋನು

"ಫೋನ್ ಮಾಡಿದ್ದು ಬೆಳಿಗ್ಗೆ! ಈಗ ಬರ್ತಿದೀರಾ? ಒಳಗೆ ಬಂದು ನೋಡಿ, ನಮ್ಮ ಹಾಸಿಗೆ ಕೆರೆ ಆಗಿದೆ!"

ಬಾಗಿಲು ತೆಗೆದವಳ ಕಣ್ಣಲ್ಲಿ ಕಿಡಿ. ಹೆಗಲಿಗೆ ಸಲಕರಣೆಗಳ ಚೀಲ ಹಾಕಿಕೊಂಡು ನಿಂತಿದ್ದ ಎಸಿ ಮೆಕ್ಯಾನಿಕ್ ಒಂದು ಕ್ಷಣ ತಬ್ಬಿಬ್ಬಾದ.

"ಕೆರೆ ಆಗಿದ್ರೆ ಮೀನು ಬಿಡಬಹುದಿತ್ತಲ್ಲ ಮೇಡಂ..."

ಬಾಯಿ ತಪ್ಪಿ ಬಂದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಡುಗೆಮನೆಯಲ್ಲಿದ್ದ ಅವಳ ಅಮ್ಮ ಕಿಸಕ್ಕನೆ ನಕ್ಕಳು. ಅವಳು ಮಾತ್ರ ನಗಲಿಲ್ಲ. ಕಣ್ಣಿನ ಆಸ್ಪತ್ರೆಯೊಂದರಲ್ಲಿ ಬಂದವರನ್ನೆಲ್ಲ ದಿನವಿಡೀ ನಗುನಗುತ್ತ ಮಾತಾಡಿಸಿ ಕೂರಿಸುವುದೇ ಅವಳ ಕೆಲಸ. ಮನೆಯಲ್ಲಿ ಯಾರಿಗೂ ಬಿಟ್ಟಿ ನಗುವಿಲ್ಲ!

ಅವನು ಎಸಿಯ ಮುಚ್ಚಳ ತೆಗೆದು, ಫಿಲ್ಟರ್ ಹೊರಗೆಳೆದು ಬೆಳಕಿಗೆ ಹಿಡಿದ. ಬೆಳಕೇ ಹಾಯಲಿಲ್ಲ, ಅಷ್ಟು ಧೂಳು.

"ಇದನ್ನ ಆಗಾಗ ತೆಗೆದು ನಲ್ಲಿ ಕೆಳಗೆ ತೊಳೀಬೇಕು ಮೇಡಂ. ಗಾಳಿ ಆಡದೇ ಇದ್ರೆ ಒಳಗೆ ಐಸ್ ಕಟ್ಟುತ್ತೆ, ಆಮೇಲೆ ಕರಗಿ ನೀರಾಗುತ್ತೆ. ನೀರು ಹೋಗೋ ಪೈಪಲ್ಲೂ ಕೆಸರು. ಪಾಪ, ಅದಾದ್ರೂ ಎಲ್ಲಿಗೆ ಹೋಗ್ಬೇಕು?"

ಕಿಟಕಿಯಾಚೆ ಬಗ್ಗಿ, ಪೈಪಿನ ತುದಿಗೆ ಬಾಯಿಟ್ಟು ಜೋರಾಗಿ ಊದಿದ. ಒಳಗಿದ್ದ ಕಪ್ಪು ಕೆಸರು ಹಿಂದಕ್ಕೆ ನುಗ್ಗಿ ಎಸಿಯಿಂದ ಚಿಮ್ಮಿತು. ಸೊಂಟಕ್ಕೆ ಕೈಯಿಟ್ಟು ಕೆಳಗೆ ನಿಂತಿದ್ದವಳ ಬಿಳಿ ಅಂಗಿ ಪೂರ್ತಿ ಕಪ್ಪಾಯಿತು!

ಅವನ ಮುಖದಲ್ಲಿ ರಕ್ತವೇ ಇಲ್ಲ. ಅವಳು ತನ್ನ ಅಂಗಿ ನೋಡಿಕೊಂಡಳು, ಅವನ ಮುಖ ನೋಡಿದಳು... ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ನಗು ಮದುವೆಯವರೆಗೂ ಬಂತು. ಮದುವೆಯಾದ ಮೇಲೂ ಇತ್ತು.

ಒಂದು ಮಧ್ಯಾಹ್ನ ನಿಂತುಹೋಯಿತು.

ಅವತ್ತು ಅವಳ ತವರಿನಲ್ಲಿ ಊಟ. ಬಂದೇ ಬರುತ್ತೇನೆ ಎಂದಿದ್ದವನ ಪತ್ತೆಯಿಲ್ಲ. ಬಡಿಸಿದ್ದೆಲ್ಲ ಆರಿ ತಣ್ಣಗಾಗುತ್ತಿತ್ತು. 'ಬರಲಿ, ಮಾಡ್ತೀನಿ ಇವರಿಗೆ' ಎಂದುಕೊಳ್ಳುತ್ತ ಅವಳು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ ಮತ್ತೆ...

ಕೊನೆಗೆ ಫೋನ್ ಬಂದದ್ದು ಆಸ್ಪತ್ರೆಯಿಂದ. ಯಾವುದೋ ಕಟ್ಟಡದ ಸಜ್ಜಾದ ಮೇಲೆ ನಿಂತು ಎಸಿಯ ಹೊರಗಿನ ಪೆಟ್ಟಿಗೆ ಜೋಡಿಸುತ್ತಿದ್ದವನು ಕೆಳಗೆ ಬಿದ್ದಿದ್ದ.

ಜೀವ ಉಳಿಯಿತು. ಸೊಂಟ ಮತ್ತು ಒಂದು ಕಾಲು ಮಾತ್ರ ಮೊದಲಿನಂತೆ ಆಗುವುದಿಲ್ಲ, ಇನ್ನು ಊರುಗೋಲೇ ಗತಿ ಎಂದರು ವೈದ್ಯರು.

ಅವನ ಅಕ್ಕ ಓಡಿ ಬಂದಳು. ತಮ್ಮನ ಹಾಸಿಗೆಯ ಪಕ್ಕ ನಿಂತು, ಅವನ ಹೆಂಡತಿಯ ಮುಖಕ್ಕೇ ಕೇಳಿದಳು.

"ಫೋನ್ ಮೇಲೆ ಫೋನ್ ಮಾಡಿದ್ಯಂತಲ್ಲ? ಸಜ್ಜಾದ ತುದೀಲಿ ನಿಂತವನು ಜೇಬಿಗೆ ಕೈ ಹಾಕಿದ್ರೆ ಇನ್ನೇನಾಗುತ್ತೆ?"

ಅವಳು ಗಂಡನ ಕಡೆ ನೋಡಿದಳು. ಎಚ್ಚರವಾಗಿಯೇ ಇದ್ದ. ಅಕ್ಕನ ಮಾತು ಅವನಿಗೂ ಕೇಳಿಸಿತ್ತು. 'ಇಲ್ಲ ಅನ್ನಿ... ಒಂದೇ ಒಂದು ಮಾತು, ಇಲ್ಲ ಅನ್ನಿ...'

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

'ಹಾಗಾದ್ರೆ ನಿಜ... ನನ್ನಿಂದಲೇ.'

ಅವಳು ಕಣ್ಣಿನ ಆಸ್ಪತ್ರೆಯ ಕೆಲಸ ಬಿಟ್ಟಳು. ಗಂಡನ ಚೀಲ ಹೆಗಲಿಗೇರಿಸಿದಳು. ಅವನು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟ, ಅವಳು ಹಲ್ಲು ಕಚ್ಚಿ ಕಲಿತಳು. ಬೀದಿಯ ಬಾಯಲ್ಲಿ 'ಎಸಿ ಅಕ್ಕ' ಆದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಅಲ್ಲಿ ಕೂತು ಫೋನ್ ಎತ್ತುತ್ತಿದ್ದ. ಗಿರಾಕಿಗಳ ಜೊತೆ ಮಾತೆಂದರೆ ಬೆಣ್ಣೆ!

"ಗಾಬರಿ ಆಗ್ಬೇಡಿ ಅಮ್ಮಾ, ಕೆಟ್ಟಿರಲ್ಲ. ಮೊದಲು ರಿಮೋಟಿನ ಸೆಲ್ ಬದಲಾಯಿಸಿ ನೋಡಿ. ಕೂಲ್ ಅಂತ ಇದ್ಯಾ, ಬರೀ ಫ್ಯಾನ್ ಅಂತ ಇದ್ಯಾ? ಹಾಂ... ನೋಡಿದ್ರಾ? ಅಷ್ಟೇ ಅಮ್ಮಾ!"

ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದರೆ ಆ ಬೆಣ್ಣೆಯೆಲ್ಲ ಎಲ್ಲಿಗೆ ಹೋಗುತ್ತಿತ್ತೋ.

"ಯಾಕಿಷ್ಟು ಹೊತ್ತಾಯ್ತು? ಸೊಂಟಕ್ಕೆ ಸೇಫ್ಟಿ ಬೆಲ್ಟ್ ಹಾಕಿದ್ಯಾ? ನಿಜ ಹೇಳು, ಹಾಕಿದ್ಯಾ ಇಲ್ವಾ?"

'ನನ್ನ ಮೇಲೆ ನಂಬಿಕೆಯೇ ಇಲ್ಲ... ಹೇಗಿರುತ್ತೆ? ಇವರನ್ನ ಬೀಳಿಸಿದವಳಲ್ವಾ ನಾನು!' ಅವಳು ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದಳು. ಅನ್ನ ಸರಿಯಿಲ್ಲವೆಂದು ತಟ್ಟೆ ತಳ್ಳಿದರೂ ಸರಿ, ದಿನಗಟ್ಟಲೆ ಮಾತು ಬಿಟ್ಟರೂ ಸರಿ. ಅಕ್ಕ ಬಂದಾಗಲೆಲ್ಲ ಅದೇ ಚುಚ್ಚು ಮಾತು, ಅವನದು ಅದೇ ಮೌನ.

ಕೆಲವೊಮ್ಮೆ ಅವನು ಇದ್ದಕ್ಕಿದ್ದಂತೆ, "ಇಲ್ಲಿ ಕೇಳು..." ಎನ್ನುತ್ತಿದ್ದ.

"ಏನ್ರೀ?"

"ಏನಿಲ್ಲ. ಹೋಗು."

ಒಂದು ದಿನ ಅವನು ಸ್ನಾನಕ್ಕೆ ಹೋಗಿದ್ದಾಗ ಅಂಗಡಿಯ ಫೋನ್ ಹೊಡೆದುಕೊಂಡಿತು. ಎಳೆ ಕೂಸಿನ ತಾಯಿಯೊಬ್ಬಳು. ಎಸಿಯಿಂದ ಗಾಳಿ ಬರುತ್ತಿದೆ, ತಂಪಿಲ್ಲ, ಸೆಖೆಗೆ ಮಗು ಅಳು ನಿಲ್ಲಿಸುತ್ತಿಲ್ಲ. ವಿಳಾಸ ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿದಳು. ಅವನು ಬಿದ್ದ ಕಟ್ಟಡ!

ಅಲ್ಲಿಂದ ಕರೆ ಬಂದರೆ ಅವನು ಏನಾದರೊಂದು ನೆಪ ಹೇಳಿ ಬೇಡವೆನ್ನುತ್ತಿದ್ದ. ಆದರೆ ಫೋನಿನಲ್ಲಿ ಕೂಸಿನ ಅಳು ಕೇಳಿಸುತ್ತಿತ್ತು. "ಬರ್ತೀನಿ" ಎಂದುಬಿಟ್ಟಳು.

"ಬೇಡ! ಅಲ್ಲಿಗೆ ಮಾತ್ರ ಹೋಗ್ಬೇಡ!" ಅವಳು ವಿಳಾಸ ಹೇಳಿದ್ದೇ ತಡ, ಒದ್ದೆ ತಲೆಯಲ್ಲೇ ಬಂದು ಅಡ್ಡ ನಿಂತ.

"ಯಾಕೆ?"

"ಬೇಡ ಅಂದ್ರೆ ಬೇಡ, ಅಷ್ಟೇ!"

ಅವಳೊಳಗೆ ಇಷ್ಟು ಕಾಲ ಗಂಟು ಹಾಕಿಟ್ಟಿದ್ದೆಲ್ಲ ಬಿಚ್ಚಿಕೊಂಡಿತು.

"ನಾನೂ ಅಲ್ಲಿಂದಲೇ ಬಿದ್ರೆ ಚುಕ್ತಾ ಆಗುತ್ತಲ್ಲ! ನಿಮಗೂ ಸಮಾಧಾನ, ನಿಮ್ಮಕ್ಕನಿಗೂ ಸಮಾಧಾನ!"

ಅವಳು ತಿರುಗಿ ನೋಡದೆ ಹೊರಟಳು.

ಕೂಸಿನ ತಾಯಿಯ ಮನೆಯಲ್ಲಿ ಫಿಲ್ಟರ್ ಸ್ವಚ್ಛವಾಗಿತ್ತು. ಕಿಟಕಿಯಾಚೆಯ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು, ಆದರೆ ಅದರ ಫ್ಯಾನ್ ತಿರುಗುತ್ತಿರಲಿಲ್ಲ. ಫ್ಯಾನಿಗೆ ಶಕ್ತಿ ಕೊಡುವ ಪುಟ್ಟ ಡಬ್ಬಿ, ಕೆಪಾಸಿಟರ್, ಸತ್ತಿರಬೇಕು. ಮೇನ್ ಸ್ವಿಚ್ ಆರಿಸಿ, ಬೆಲ್ಟ್ ಬಿಗಿದು, ಸಜ್ಜಾಕ್ಕೆ ಇಳಿದಳು. ಕೆಳಗೆ ಸಿಮೆಂಟಿನ ಅಂಗಳ. 'ಇಲ್ಲೇ ಎಲ್ಲೋ...' ಅವಳು ಮತ್ತೆ ಕೆಳಗೆ ನೋಡಲಿಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದಳು. ಫ್ಯಾನ್ ತಿರುಗಿತು. ಸ್ವಲ್ಪ ಹೊತ್ತಿಗೆ ಒಳಗೆ ಕೂಸಿನ ಅಳುವೂ ನಿಂತಿತು.

ಗೇಟಿನ ಹತ್ತಿರ ಮುದುಕ ವಾಚ್‌ಮನ್ ಅವಳನ್ನೇ ಕಾಯುತ್ತಿದ್ದ.

"ಬೆಲ್ಟ್ ಹಾಕಿದ್ರಲ್ಲ ಅಮ್ಮಾ, ಜೀವ ಬಂತು ನಂಗೆ. ಹಿಂದೆ ಒಬ್ರು ಇಲ್ಲೇ ಬಿದ್ದಿದ್ರು."

"ಅಣ್ಣಾ, ಅವ್ರು ನನ್ನ ಗಂಡ." ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು. "ನಾನು ಫೋನ್ ಮಾಡಿದ್ದಕ್ಕೇ ಬಿದ್ರು."

"ಫೋನಿಗಾ?" ಮುದುಕ ಹುಬ್ಬು ಗಂಟಿಕ್ಕಿದ. "ಯಾರಮ್ಮಾ ಹಾಗಂದಿದ್ದು? ದಬ್ ಅಂತ ಸದ್ದಾಯ್ತು, ನಾನು ಓಡಿದೆ. ಎಚ್ಚರ ಇತ್ತು ಅವರಿಗೆ. ತಲೆ ತೊಡೆ ಮೇಲಿಟ್ಕೊಂಡು ಬಾಯಿಗೆ ನೀರು ಬಿಡ್ತಾ ಇದ್ದೆ. ಜೇಬಲ್ಲಿ ಫೋನು ಹೊಡ್ಕೊಳ್ಳೋಕೆ ಶುರುವಾಗಿದ್ದು ಆವಾಗ. ಎತ್ತೋಣ ಅಂತ ಹೋದ್ರೆ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. 'ಬೇಡಣ್ಣಾ, ನನ್ನ ಹೆಂಡ್ತಿ... ಹೆದರ್ತಾಳೆ' ಅಂದ್ರು."

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಬಿಸಿಲಿಗೆ ಕಾದಿದ್ದ ಕಬ್ಬಿಣ ಅಂಗೈ ಸುಟ್ಟರೂ ಬಿಡಲಿಲ್ಲ.

ಮನೆಗೆ ಬಂದಾಗ ಅವನು ಹೊಸಿಲಲ್ಲೇ ನಿಂತಿದ್ದ. "ಬಂದ್ಯಾ..." ಎಂದು ಉಸಿರು ಬಿಟ್ಟ.

"ಅವತ್ತು ನನ್ನ ಫೋನು ಯಾವಾಗ ಬಂತು?"

ಅವನು ಕುರ್ಚಿಗೆ ಕುಸಿದ. "ಬಿದ್ದ ಮೇಲೆ" ಎಂದ.

"ಮತ್ತೆ ಹೇಗೆ ಬಿದ್ರಿ?"

"ಬೆಲ್ಟ್ ಚೀಲದಲ್ಲೇ ಇತ್ತು. ಒಂದೆರಡು ಸ್ಕ್ರೂ ಬಿಗಿಯೋ ಕೆಲಸಕ್ಕೆ ಅದ್ಯಾಕೆ ಅಂತ ಹಾಗೇ ಇಳಿದೆ. ಕಾಲು ಜಾರ್ತು. ಅಷ್ಟೇ."

"ನಿಮ್ಮಕ್ಕ ಅಷ್ಟು ಮಾತಾಡಿದಾಗ ಗೋಡೆ ಕಡೆ ಯಾಕೆ ತಿರುಗಿದ್ರಿ?"

ಅವನು ತಲೆ ಎತ್ತಲಿಲ್ಲ. "ಡಾಕ್ಟರು ಅವತ್ತೇ ಹೇಳಿದ್ರಲ್ಲ, ಇನ್ನು ಊರುಗೋಲೇ ಅಂತ. ಕುಂಟನ ಜೊತೆ ಯಾಕಿರ್ತಾಳೆ ಇವಳು ಅನ್ನಿಸ್ತು. ತಪ್ಪು ತನ್ನದು ಅಂದ್ಕೊಂಡ್ರೆ ಬಿಟ್ಟು ಹೋಗಲ್ಲ ಅನ್ನಿಸ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ನಿನ್ನ ಮುಖ ನೋಡೋಕಾಗದೇ ನಿನ್ನ ಮೇಲೇ ಹರಿಹಾಯ್ತಿದ್ದೆ."

"ಪ್ರೀತಿಗೇ ಇರ್ತಾಳೆ ಅಂತ ಒಂದ್ಸಲನೂ ಅನ್ನಿಸ್ಲಿಲ್ವೇನ್ರೀ?"



ಅವಳು ಚೀಲವನ್ನು ಅವನ ಕಾಲ ಬಳಿ ಇಟ್ಟಳು. ಉಟ್ಟ ಬಟ್ಟೆಯಲ್ಲೇ ತವರಿಗೆ ಹೋದಳು.

ದಿನಗಳು ಹೋದವು. ಅವನಿಂದ ಫೋನಿಲ್ಲ. ಬಂದರೆ ಎತ್ತಬಾರದೆಂದುಕೊಂಡಿದ್ದವಳಿಗೆ, ಬಾರದಿದ್ದುದಕ್ಕೂ ಕೋಪ! ಪ್ರಾಣ ಹೋಗುವಂಥ ನೋವಿನಲ್ಲೂ 'ಹೆದರ್ತಾಳೆ' ಎಂದವನು ಅವನೇ. ವರ್ಷಗಟ್ಟಲೆ ಅವಳನ್ನು ಸುಡಲು ಬಿಟ್ಟು ಸುಮ್ಮನೆ ಕೂತವನೂ ಅವನೇ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ದ್ವೇಷಿಸುವುದು ಹೇಗೆ?

"ಅವರು ಮಾಡಿದ್ದು ಸಣ್ಣ ತಪ್ಪಲ್ಲ ಕಣೇ," ಎಂದಳು ಅಮ್ಮ. "ಹೋಗು ಅಂತ ನಾನು ಹೇಳಲ್ಲ. ಬೇಡ ಅಂತಲೂ ಹೇಳಲ್ಲ."

ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಊರುಗೋಲಿನ ಸದ್ದು. ಲಿಫ್ಟ್ ಇಲ್ಲದ ಕಟ್ಟಡ, ಅಮ್ಮನ ಮನೆ ಮೇಲಿನ ಮಹಡಿ. ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಬಾಗಿಲು ತೆರೆದರೆ ಅವನು! ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಹಿಂದೆ ಏದುಸಿರು ಬಿಡುತ್ತ ಅವನ ಅಕ್ಕ.

"ಅಯ್ಯೋ, ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದು ಅಮ್ಮ ಗಡಬಡಿಸಿದಳು.

"ಬೇಡ ಅತ್ತೆ. ಎಲ್ಲರ ಮುಂದೆ ಹೇಳ್ಬೇಕಿತ್ತು, ನಿಂತೇ ಹೇಳ್ತೀನಿ." ಅಕ್ಕನ ಕಡೆ ತಿರುಗಿದ. "ಅಕ್ಕಾ, ನಾನು ಬೆಲ್ಟ್ ಹಾಕಿರ್ಲಿಲ್ಲ. ನನ್ನ ಸೊಕ್ಕಿಗೆ ನಾನು ಬಿದ್ದೆ. ಇವಳ ಫೋನು ಬಂದಾಗ ನಾನು ಆಗಲೇ ನೆಲದ ಮೇಲಿದ್ದೆ. ನೀನು ಇವಳಿಗೆ ಅಂದಿದ್ದೆಲ್ಲ ನನಗೆ ಅನ್ನಬೇಕಾಗಿದ್ದ ಮಾತು. ಗೊತ್ತಿದ್ದೂ ನಾನು ಸುಮ್ಮನಿದ್ದೆ."

ಅಕ್ಕ ಸೆರಗಿನಿಂದ ಮುಖ ಒತ್ತಿಕೊಂಡು ಗೋಡೆಗೆ ಒರಗಿದಳು.

ಅವನು ಹೆಂಡತಿಯನ್ನು ನೋಡಿದ. "ಕರ್ಕೊಂಡು ಹೋಗೋಕೆ ಬಂದಿಲ್ಲ. ಆ ಮುಖ ನನಗಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಕೆಲಸ ಮತ್ತೆ ಸಿಗುತ್ತಾ ಕೇಳು. ಸಿಗಬಹುದು. ನೀನು ಹೋಗ್ತೀನಿ ಅಂದ್ರೆ ನಾನು ಅಡ್ಡ ಬರಲ್ಲ. ನಿನ್ನನ್ನ ತುಂಬ... ತುಂಬ ಪ್ರೀತಿಸ್ತೀನಿ. ಅದೊಂದು ಮಾತ್ರ ಸುಳ್ಳಲ್ಲ."

ಅಷ್ಟು ಹೇಳಿ ಮೆಟ್ಟಿಲ ಕಡೆ ತಿರುಗಿದ. ಊರುಗೋಲಿನವನಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೊದಲ ಮೆಟ್ಟಿಲಲ್ಲೇ ಊರುಗೋಲು ಅಲುಗಾಡಿತು.

ಅವಳು ಚಪ್ಪಲಿಯನ್ನೂ ಹಾಕದೆ ಹೊರಬಂದು, ಅವನನ್ನು ದಾಟಿ ಕೆಳಗಿನ ಮೆಟ್ಟಿಲಲ್ಲಿ ನಿಂತಳು. ಬಿದ್ದರೆ ತನ್ನ ಮೇಲೆ ಬೀಳಲಿ ಎನ್ನುವಂತೆ.

"ಕೈ ಇಲ್ಲಿಡಿ. ಹೆಗಲ ಮೇಲೆ."

ಅವನ ಕೈ ಅವಳ ಹೆಗಲಿಗೆ ಬಂತು. "ಕ್ಷಮಿಸಿದ್ಯಾ?"

"ಇಲ್ಲ."

"ಮತ್ತೆ ಯಾಕೆ..."

"ತಪ್ಪು ಮಾಡಿದ್ದೀನಿ ಅಂತ ನಿಮ್ಮ ಜೊತೆ ಇದ್ಲಲ್ಲ ಒಬ್ಳು, ಅವಳು ಅವತ್ತೇ ಹೊರಟುಹೋದ್ಲು. ಇವತ್ತು ನಾನು ಬರ್ತಿರೋದು ನನ್ನ ಇಷ್ಟಕ್ಕೆ. ಬೇಡ ಅನ್ನಿಸಿದ ದಿನ ಹೋಗ್ತೀನಿ."

ಅವನು ಕಣ್ಣು ಒರೆಸಿಕೊಳ್ಳಲು ಕೈ ತೆಗೆಯಹೋದ. ಅವಳು ಆ ಕೈಯನ್ನು ಹಿಡಿದು ಮತ್ತೆ ಹೆಗಲ ಮೇಲೇ ಇಟ್ಟುಕೊಂಡಳು.

"ಹೋಗು... ಆದ್ರೆ ಹೇಳಿ ಹೋಗು."

"ಹೇಳದೇ ಇರೋದು ನಿಮ್ಮ ಅಭ್ಯಾಸ. ನಂದಲ್ಲ. ಮೆಟ್ಟಿಲು ನೋಡಿ."